ಮರಳು ಮಣ್ಣಿನಲ್ಲಿ ಸಾವಯವ ಗೊಬ್ಬರ ಮತ್ತು ಬ್ಯಾಕ್ಟೀರಿಯಾ

ಮರಳು ಮಣ್ಣಿನಲ್ಲಿ ನೀರೂ ನಿಲ್ಲದು, ಸಾರವೂ ನಿಲ್ಲದು. ಇದಕ್ಕೆ ಕಾರಣ ಕಣಗಳ ಗಾತ್ರ. ಮರಳಿನ ಕಣದ ವ್ಯಾಸ 0.05ರಿಂದ 2 ಮಿಲಿಮೀಟರ್. ಜೇಡಿಮಣ್ಣಿನ ಕಣದ್ದು 0.002 ಮಿಲಿಮೀಟರಿಗಿಂತಲೂ ಕಡಿಮೆ. ಕಣಗಳು ದೊಡ್ಡವಾದಂತೆ ಅವುಗಳ ನಡುವಿನ ರಂಧ್ರಗಳೂ ದೊಡ್ಡವಾಗುತ್ತವೆ. ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಆಹಾರವೂ ವಿರಳ, ತೇವವುಳ್ಳ ಆಶ್ರಯವೂ ವಿರಳ.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೋ ಕಾಂಪೋಸ್ಟನ್ನೋ ಸೇರಿಸಿದಾಗ ಬ್ಯಾಕ್ಟೀರಿಯಾಗಳಿಗೆ ಇಂಗಾಲ ದೊರೆತು ಅವುಗಳ ಸಂಖ್ಯೆ ವೃದ್ಧಿಸುತ್ತದೆ. ಅವು ಸ್ರವಿಸುವ ಅಂಟು ಮರಳಿನ ಕಣಗಳನ್ನು ಬೆಸೆದು ತೇವವನ್ನು ಹಿಡಿದಿಡುತ್ತದೆ. ಗೊಬ್ಬರದಲ್ಲಿರುವ ಸಾರಜನಕವನ್ನು ಅವು ಮೊದಲು ಅಮೋನಿಯಂ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಬೇರು ಹೀರಿಕೊಳ್ಳುವುದು ಈ ರೂಪಗಳನ್ನೇ. ಆದುದರಿಂದ ನಾವು ಗೊಬ್ಬರ ಹಾಕುವುದು ಗಿಡಕ್ಕೆ ಎಂಬುದಕ್ಕಿಂತ ಮಣ್ಣಿನ ಜೀವಿಗಳಿಗೆ ಎಂಬುದೇ ಹೆಚ್ಚು ಸರಿ.

ಎಲ್ಲ ಸಾವಯವ ವಸ್ತುವೂ ಒಂದೇ ಬಗೆಯದಲ್ಲ. ಕಳಿಯದ ತೆಂಗಿನ ನಾರಿನ ಹುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 100 ಪಾಲು ಇಂಗಾಲವಿರುತ್ತದೆ. ಈ ಪ್ರಮಾಣ 30ನ್ನು ಮೀರಿದರೆ ಸೂಕ್ಷ್ಮಜೀವಿಗಳು ತಮ್ಮ ಕೊರತೆಯನ್ನು ಮಣ್ಣಿನ ಸಾರಜನಕದಿಂದಲೇ ತುಂಬಿಕೊಳ್ಳುತ್ತವೆ, ಬೆಳೆ ಹಳದಿಯಾಗುತ್ತದೆ. ಹುಡಿಯನ್ನು ಕಾಂಪೋಸ್ಟ್ ಮಾಡಿ ಬಳಸುವುದೇ ಕ್ಷೇಮ.

ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರವು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಕರಾವಳಿಯ ಮರಳು ನೆಲದ ತೆಂಗಿಗೆ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡದ ಸೊಪ್ಪನ್ನು ಬುಡಕ್ಕೆ ಹಾಕುವುದನ್ನೂ ತೇವ ಉಳಿಯಲು ತೆಂಗಿನ ಸಿಪ್ಪೆಯನ್ನು ಹೂಳುವುದನ್ನೂ ಅದು ಶಿಫಾರಸು ಮಾಡಿದೆ. ಎಳೆಯ ಸೊಪ್ಪಿನಲ್ಲಿ ಸಾರಜನಕ ಹೆಚ್ಚಿರುವುದರಿಂದ ಅದು ಬೇಗ ಕಳಿಯುತ್ತದೆ.

ಆದರೆ ಈ ಲಾಭ ಶಾಶ್ವತವಲ್ಲ. ಜೇಡಿಮಣ್ಣು ಸಾವಯವ ಅಂಶವನ್ನು ತನ್ನ ಕಣಗಳಿಗೆ ಅಂಟಿಸಿಕೊಂಡು ಕಾಪಾಡುತ್ತದೆ. ಮರಳಿಗೆ ಆ ಶಕ್ತಿ ಕಡಿಮೆ. ನಮ್ಮ ಬೆಚ್ಚನೆಯ ಹವೆಯಲ್ಲಿ ಅದು ಶೀಘ್ರವಾಗಿ ಕರಗಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಒಂದೇ ಬಾರಿಗೆ ವಿಪರೀತ ಗೊಬ್ಬರ ಸುರಿದರೆ ಬೆಳೆ ಬಳಸದೆ ಉಳಿದ ನೈಟ್ರೇಟ್ ಮಳೆನೀರಿನೊಡನೆ ಇಳಿದು ಬಾವಿಯನ್ನು ಸೇರಬಹುದು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಊರಿನ ತೋಟವನ್ನು ದೂರದ ನಗರದಿಂದ ನೋಡಿಕೊಳ್ಳುವ ನಾವು ಒಂದು ವರ್ಷ ಲಾರಿಗಟ್ಟಲೆ ಗೊಬ್ಬರ ಹಾಕಿಸಿ ಮರುವರ್ಷ ಮರೆಯುವುದುಂಟು. ಮರಳು ನೆಲಕ್ಕೆ ಇದು ಒಗ್ಗದು. ಕಳಿತ ಗೊಬ್ಬರವನ್ನು ಪ್ರತಿವರ್ಷ, ಸ್ವಲ್ಪಸ್ವಲ್ಪವಾಗಿ ಹಲವು ಕಂತುಗಳಲ್ಲಿ ನೀಡಿ, ಬುಡಕ್ಕೆ ತರಗೆಲೆ ಹೊದಿಸುವುದು ಉತ್ತಮ. ಬಾವಿಯ ನೀರಿಗೂ ಇದರಿಂದ ರಕ್ಷಣೆ.