ಕಾಡಿನ ನಡುವೆ ಒಂದು ಸೈಟ್: ಅಮೆರಿಕದ ಕ್ಯಾಂಪ್‌ಗ್ರೌಂಡ್ ಹುಟ್ಟಿದ ಕಥೆ

ಹೋದ ವಾರದ ವಿಡಿಯೋದ ಬರಹ ರೂಪ ಇದು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.

ಇದೆಲ್ಲ ಶುರುವಾಗಿದ್ದು ಅಕ್ಕನ ಫೋನಿನಿಂದ. ಅಕ್ಕ, ಭಾವ ಇರೋದು ಕ್ಯಾಲಿಫೋರ್ನಿಯಾದಲ್ಲಿ. ಆಗಸ್ಟ್‌ನಲ್ಲಿ ಅಪ್ಪ, ಅಮ್ಮ ಅಲ್ಲಿಗೆ ಹೋಗುತ್ತಾರೆ. ಆಗ ಎಲ್ಲರೂ ಸೇರಿ ಆರ್‌ವಿ, ಅಂದ್ರೆ ಹಾಸಿಗೆ, ಅಡುಗೆಮನೆ, ಬಾತ್‌ರೂಮು ಎಲ್ಲಾ ಒಳಗೇ ಇರೋ ದೊಡ್ಡ ಗಾಡಿ, ಬಾಡಿಗೆಗೆ ಹಿಡಿದು ರೆಡ್‌ವುಡ್ ಕಾಡಿನಲ್ಲಿ ಮೂರು ರಾತ್ರಿ ಇರೋದು ಅಂತ ಪ್ಲಾನ್. ಬುಕಿಂಗ್ ತಿಂಗಳುಗಳ ಮೊದಲೇ ತೆರೆಯುತ್ತೆ. ಅಲ್ಲಿ ಬೆಳಿಗ್ಗೆ, ಪುಣೆಯಲ್ಲಿ ನಮಗೆ ರಾತ್ರಿ ಊಟದ ಹೊತ್ತು. "ನೀನೂ ಲ್ಯಾಪ್‌ಟಾಪ್ ಹಿಡ್ಕೊಂಡು ಕೂತ್ಕೋ ಕಣೋ, ನಿಮಿಷದಲ್ಲಿ ಖಾಲಿಯಾಗತ್ತೆ" ಅಂದಳು ಅಕ್ಕ. ಕೂತೆ. ಅದೃಷ್ಟಕ್ಕೆ ನನಗೇ ಒಂದು ಸೈಟ್ ಸಿಕ್ಕಿತು.

ನಮ್ಮ ಕಡೆ ಸೈಟ್ ಅಂದ್ರೆ 30-40, ಅಲ್ವಾ? ಇಲ್ಲಿ ಸೈಟ್ ಅಂದ್ರೆ ಒಂದು ಗಾಡಿ ನಿಲ್ಲೋ ಜಾಗ, ಒಂದು ಮೇಜು, ಒಂದು ಒಲೆ, ಟೆಂಟಿಗೆ ಸ್ವಲ್ಪ ನೆಲ. ಆಮೇಲೆ ನೋಡಿದರೆ ಆ ಸೈಟಿಗೆ ಗಾಡಿಯ ಉದ್ದ 24 ಅಡಿ ಮೀರುವಂತಿಲ್ಲ. ಅವರು ನೋಡಿಟ್ಟಿದ್ದ ಗಾಡಿ 29 ಅಡಿ. "ಅಷ್ಟು ದೊಡ್ಡ ಕಾಡಲ್ಲಿ ಐದಡಿ ಜಾಗ ಇಲ್ವಂತಾ?" ಅಂತ ಅಕ್ಕ ರೇಗಿದಳು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು.

1908ರಲ್ಲಿ ಫೋರ್ಡ್‌ನ ಮಾಡೆಲ್ ಟಿ ಕಾರು ಬಂತು. ಶುರುವಿನಲ್ಲಿ ಅದರ ಬೆಲೆ 850 ಡಾಲರ್. 1920ರ ದಶಕದ ನಡುವಿಗೆ ಮುನ್ನೂರಕ್ಕಿಂತ ಕೆಳಗೆ ಇಳಿಯಿತು. ಅಲ್ಲಿಯವರೆಗೆ ಕಾಡು ನೋಡೋಕೆ ಹೋಗುವವರು ರೈಲಿನಲ್ಲಿ ಹೋಗಿ ಹೋಟೆಲಿನಲ್ಲಿ ಇಳಿಯುವ ಅನುಕೂಲಸ್ಥರು. ಈಗ ಸಾಮಾನ್ಯ ಸಂಬಳದವರೂ ಕಾರಿಗೆ ಟೆಂಟು ಕಟ್ಟಿಕೊಂಡು ಹೊರಟರು. ಯೊಸೆಮಿಟಿ ಪಾರ್ಕ್ 1913ರಲ್ಲಿ, ಯೆಲ್ಲೋಸ್ಟೋನ್ 1915ರಲ್ಲಿ ಕಾರುಗಳಿಗೆ ಬಾಗಿಲು ತೆರೆದವು. ಒಳಗೆ ಹೋದ ಮೇಲೆ ಎಲ್ಲಿ ನಿಲ್ಲಿಸಬೇಕು ಅನ್ನೋ ನಿಯಮ ಹೆಚ್ಚಿನ ಕಡೆ ಇರಲಿಲ್ಲ. ಯಾವ ಮರದ ನೆರಳು ಚೆನ್ನಾಗಿದೆಯೋ ಅದರ ಬುಡಕ್ಕೇ ಕಾರು, ಪಕ್ಕದಲ್ಲೇ ಟೆಂಟು, ಅಲ್ಲೇ ಬೆಂಕಿ. ಕೆಲವೇ ವರ್ಷಗಳಲ್ಲಿ ಎಷ್ಟೋ ಕ್ಯಾಂಪುಗಳು ಜಾತ್ರೆ ಮುಗಿದ ಮೈದಾನದ ಹಾಗೆ ಆದವು. ಹುಲ್ಲಿಲ್ಲ, ಗಿಡವಿಲ್ಲ, ಬರೀ ಧೂಳು.

ಈ ಹೊತ್ತಿಗೆ ಬರುತ್ತಾರೆ ಇ. ಪಿ. ಮೈನೆಕೆ. ಇವರು ಎಂಜಿನಿಯರ್ ಅಲ್ಲ, ಕೃಷಿ ಇಲಾಖೆಯ ಸಸ್ಯರೋಗ ತಜ್ಞ. ಕ್ಯಾಲಿಫೋರ್ನಿಯಾದ ದೈತ್ಯ ಮರಗಳಿಗೆ ಏನಾಗುತ್ತಿದೆ ನೋಡಿ ಅಂತ 1920ರ ದಶಕದ ಕೊನೆಯಲ್ಲಿ ಇವರನ್ನು ಕರೆಸಿದರು. ಇವರು ಮರದ ತುದಿ ನೋಡಲಿಲ್ಲ, ನೆಲ ನೋಡಿದರು. ರೆಡ್‌ವುಡ್ ನೂರು ಮೀಟರ್ ಎತ್ತರ ಬೆಳೆಯಬಲ್ಲ ಮರ. ಆದರೆ ಬೇರು ಆಳಕ್ಕೆ ಹೋಗೋದು ಸಾಮಾನ್ಯವಾಗಿ ಮೂರು-ನಾಲ್ಕು ಮೀಟರ್ ಅಷ್ಟೇ. ಉಳಿದಿದ್ದೆಲ್ಲ ಅಡ್ಡಕ್ಕೆ ಹರಡಿರುತ್ತೆ. ನೀರು ಹೀರುವ ಸಣ್ಣ ಬೇರುಗಳಂತೂ ಮೇಲ್ಮಣ್ಣಿನಲ್ಲೇ ಇರುತ್ತವೆ. ಸಾವಿರಾರು ಕಾಲು, ನೂರಾರು ಚಕ್ರ ಓಡಾಡಿದರೆ ಮಣ್ಣು ಗಟ್ಟಿಯಾಗುತ್ತೆ, ಗಾಳಿ-ನೀರು ಒಳಗೆ ಇಳಿಯಲ್ಲ. ಮರ ಇವತ್ತೇ ಬೀಳಲ್ಲ, ನಿಧಾನಕ್ಕೆ ಸೊರಗುತ್ತೆ. ಯಾರೂ ಕೊಡಲಿ ಎತ್ತಿಲ್ಲ. ಮರವನ್ನು ಪ್ರೀತಿಸಿ ಬಂದವರೇ ಅದನ್ನು ಸಾಯಿಸುತ್ತಿದ್ದರು.

ಒಂದು ಜಾಗ ಕೆಟ್ಟರೆ ಕ್ಯಾಂಪನ್ನು ಇನ್ನೊಂದು ಜಾಗಕ್ಕೆ ಬದಲಾಯಿಸೋದು ಆಗಿನ ಸುಲಭದ ಉಪಾಯ. ಹಾಗೆ ಮಾಡುತ್ತಾ ಹೋದರೆ ಕೊನೆಗೆ ಕಾಡೆಲ್ಲ ಕೆಡುತ್ತೆ ಅಂದರು ಮೈನೆಕೆ. 1932ರಲ್ಲಿ ಅವರು ಬರೆದ ಕ್ಯಾಂಪ್‌ಗ್ರೌಂಡ್ ನೀತಿಯ ಸಾರ ಇಷ್ಟು: ಜನರನ್ನು ತಡೆಯಬೇಡಿ, ಕಾರನ್ನು ಕಟ್ಟಿಹಾಕಿ. ಸುತ್ತಿ ಬರುವ ಕಿರಿದಾದ ಏಕಮುಖ ರಸ್ತೆ. ಅದರಿಂದ ಓರೆಯಾಗಿ ಕವಲೊಡೆದು ಒಂದೊಂದೇ ಕಾರು ನಿಲ್ಲೋ ಪುಟ್ಟ ಜಾಗ. ಮೇಜು, ಒಲೆ ಅಲ್ಲಾಡದ ಹಾಗೆ ನೆಟ್ಟುಬಿಡೋದು. ಚಕ್ರ ದಾಟಬಾರದ ಕಡೆ ದೊಡ್ಡ ಬಂಡೆ ಅಥವಾ ಮರದ ದಿಮ್ಮಿ. ಎರಡು ಸೈಟ್‌ಗಳ ನಡುವೆ ಪೊದೆ ಹಾಗೇ ಇರಲಿ, ಮರೆಯೂ ಆಯಿತು, ಮಣ್ಣೂ ಉಳಿಯಿತು. ಜನ ಎಲ್ಲಿ ತುಳಿಯುತ್ತಾರೆ ಅನ್ನೋದನ್ನು ಬೋರ್ಡು ಹಾಕಿ ಅಲ್ಲ, ವಿನ್ಯಾಸದಿಂದಲೇ ತೀರ್ಮಾನಿಸೋದು. ಸಿಸ್ಟಮ್ ಡಿಸೈನ್ ಮಾಡುವ ನಮ್ಮಂಥವರಿಗೆ ಇದು ತಕ್ಷಣ ಅರ್ಥವಾಗುತ್ತೆ.

ಮರುವರ್ಷವೇ, 1933ರಲ್ಲಿ, ಆರ್ಥಿಕ ಕುಸಿತದ ಕಾಲದ ನಿರುದ್ಯೋಗಿ ಯುವಕರಿಗಾಗಿ ರೂಸ್‌ವೆಲ್ಟ್ ಸರ್ಕಾರ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಶುರುಮಾಡಿತು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ ಸುಮಾರು 25 ನೇರವಾಗಿ ಮನೆಗೆ. 1942ರವರೆಗೆ ಸುಮಾರು 30 ಲಕ್ಷ ಜನ ಇದರಲ್ಲಿ ದುಡಿದರು. ಮೈನೆಕೆ ಕಾಗದದ ಮೇಲೆ ಬರೆದಿದ್ದು ದೇಶದ ಉದ್ದಗಲಕ್ಕೂ ನೆಲಕ್ಕೆ ಇಳಿದಿದ್ದು ಈ ಹುಡುಗರ ಕೈಯಿಂದ.

ಆದರೆ ಆ ಸೈಟ್ ಯಾರಿಗೆ? ವರ್ಜೀನಿಯಾದ ಶೆನಾಂಡೋವಾ ನ್ಯಾಷನಲ್ ಪಾರ್ಕ್‌ನಲ್ಲಿ 1939ರಲ್ಲಿ ಲೂಯಿಸ್ ಮೌಂಟನ್ ಅನ್ನೋ ಜಾಗವನ್ನು ಕಪ್ಪು ಜನರಿಗೆ ಅಂತ ಬೇರೆಯಾಗಿ ತೆರೆದರು. ಸರ್ಕಾರದ ಬೋರ್ಡಿನಲ್ಲೇ ಹಾಗೆ ಬರೆದಿತ್ತು. ಒಳಾಡಳಿತ ಕಾರ್ಯದರ್ಶಿ ಹೆರಾಲ್ಡ್ ಇಕ್ಸ್ ಅವರ ಸಲಹೆಗಾರ ವಿಲಿಯಂ ಟ್ರೆಂಟ್, ಸ್ವತಃ ಕಪ್ಪು ಸಮುದಾಯದವರು, ಇದನ್ನು ಒಳಗಿದ್ದೇ ವಿರೋಧಿಸುತ್ತಾ ಬಂದರು. ಆ ಪಾರ್ಕ್‌ನಲ್ಲಿ ಬೇಲಿ ಪೂರ್ತಿ ಹೋಗೋಕೆ ಸುಮಾರು 1950 ಬೇಕಾಯಿತು. ಕೆರೆ, ಬಾವಿ, ದೇವಸ್ಥಾನದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ಗೆರೆ ಎಳೆದ ಊರುಗಳಿಂದ ಬಂದವರು ನಾವು. ಹಾಗಾಗಿ ಇದನ್ನು ಓದಿದಾಗ ದೂರದ ಕಥೆ ಅನಿಸಲಿಲ್ಲ. ಮರಕ್ಕೋಸ್ಕರ ಎಳೆದ ಗೆರೆ ಬೇರೆ, ಮನುಷ್ಯರನ್ನು ದೂರ ಇಡೋಕೆ ಎಳೆದ ಗೆರೆ ಬೇರೆ. ಒಂದು ಕಾಲದಲ್ಲಿ ಎರಡೂ ಒಂದೇ ಕಾಡಿನಲ್ಲಿದ್ದವು.

ಈಗ ಆರ್‌ವಿ ವಿಷಯ. 1930ರ ದಶಕದಲ್ಲೇ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್ ಮನೆಗಳು ಜನಪ್ರಿಯವಾದವು. ಮೈನೆಕೆಗೆ ಇವು ದೊಡ್ಡ ತಲೆನೋವು. ಯಾಕಂದ್ರೆ ಅವರ ಲೆಕ್ಕವೆಲ್ಲ ಕಾರಿನ ಅಳತೆಯದ್ದು. ಉದ್ದದ ಗಾಡಿಗೆ ರಸ್ತೆ ಅಗಲವಾಗಬೇಕು, ತಿರುವು ದೊಡ್ಡದಾಗಬೇಕು, ಅಷ್ಟೂ ಜಾಗ ಮರದಿಂದಲೇ ಬರಬೇಕು. ಯುದ್ಧದ ನಂತರ ಜನ ಇನ್ನೂ ಹೆಚ್ಚಾದರು. 1956ರಿಂದ ಹತ್ತು ವರ್ಷ ನಡೆದ 'ಮಿಷನ್ 66' ಯೋಜನೆಯಲ್ಲಿ ಪಾರ್ಕ್‌ಗಳು ಸೈಟ್‌ಗಳನ್ನು ಹೆಚ್ಚಿಸಿದವು. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಕೆಒಎ ಅನ್ನೋ ಖಾಸಗಿ ಕ್ಯಾಂಪ್‌ಗ್ರೌಂಡ್ ಸರಪಳಿ ಹುಟ್ಟಿತು. 1966ರಲ್ಲಿ ವಿನ್ನೆಬೇಗೊ ಕಂಪನಿ ಮೋಟರ್‌ಹೋಮ್ ತಯಾರಿಸತೊಡಗಿತು. ಉದ್ದದ ಗಾಡಿ, ಕರೆಂಟು, ನೀರಿನ ಪೈಪು ಬೇಕು ಅನ್ನುವವರಿಗೆ ಇಂಥ ಖಾಸಗಿ ಜಾಗಗಳು ಸಿಕ್ಕವು. ಹಳೆಯ ಮರಗಳ ನಡುವಿನ ಎಷ್ಟೋ ಸರ್ಕಾರಿ ಸೈಟ್‌ಗಳು ಮಾತ್ರ ಇವತ್ತಿಗೂ ಹಳೇ ಅಳತೆಯಲ್ಲೇ ಇವೆ.

ಸೆಕ್ವೋಯಾ ಪಾರ್ಕ್‌ನ ಜೈಂಟ್ ಫಾರೆಸ್ಟ್‌ನಲ್ಲಂತೂ 1990ರ ದಶಕದ ಕೊನೆಗೆ ಇನ್ನೂ ಮುಂದೆ ಹೋದರು. ದೈತ್ಯ ಮರಗಳ ಬುಡದಲ್ಲಿದ್ದ 282 ಕಟ್ಟಡಗಳನ್ನೇ ಕಿತ್ತು ಹಾಕಿದರು. ಮೈನೆಕೆ ಅಲ್ಲಿನ ಮಣ್ಣು ನೋಡಿ ಹೋಗಿ ಆಗ ಸುಮಾರು ಎಪ್ಪತ್ತು ವರ್ಷವಾಗಿತ್ತು.

ಇಷ್ಟೆಲ್ಲ ಅಕ್ಕನಿಗೆ ಹೇಳಿದೆ. "ಸರಿ, ಆ ಐದಡಿ ಬೇರಿಗೆ ಬಿಟ್ಟಿದ್ದು ಅನ್ನು" ಅಂದಳು. ಕೊನೆಗೆ 23 ಅಡಿಯ ಗಾಡಿಯೇ ಗೊತ್ತಾಯಿತು. ಅಪ್ಪ, ಅಮ್ಮ, ಅಕ್ಕ ಗಾಡಿಯಲ್ಲಿ, ಭಾವ ಮತ್ತು ಮಕ್ಕಳು ಟೆಂಟಿನಲ್ಲಿ. ನೀವೂ ಅಲ್ಲಿಗೆ ಹೊರಟಿದ್ದರೆ ಗಾಡಿ ಹಿಡಿಯೋ ಮೊದಲು ಸೈಟಿನ ಅಳತೆ ನೋಡಿ. ಹೋದ ಮೇಲೆ, ಸೈಟಿನ ಅಂಚಿನಲ್ಲಿ ಸುಮ್ಮನೆ ಬಿದ್ದಿರೋ ಹಾಗೆ ಕಾಣುವ ಬಂಡೆ, ದಿಮ್ಮಿ ಇದ್ದರೆ ಮಕ್ಕಳಿಗೆ ತೋರಿಸಿ. ಅದನ್ನು ಯಾರೋ ಯೋಚಿಸಿ ಇಟ್ಟಿರುತ್ತಾರೆ.

ಮುಂದಿನ ಮಾತುಕತೆಯಲ್ಲಿ ಸಿಗೋಣ.