ಜೋಳಿಗೆಯಿಂದ ಬೆಳೆದ ಸಂಗೀತ ಶಾಲೆ: ಗದಗದ ವೀರೇಶ್ವರ ಪುಣ್ಯಾಶ್ರಮ

ಕೋಣನಕುಂಟೆಯ ಈ ಶಾಲೆಯಲ್ಲಿ ಓದಿ, ಮುಂದೆ ಇತಿಹಾಸದ ಉಪನ್ಯಾಸಕನಾಗಿ ಗದಗಿನಲ್ಲಿ ಹಲವು ವರ್ಷ ಕೆಲಸ ಮಾಡಿದವನು ನಾನು. ಸುವರ್ಣ ಮಹೋತ್ಸವದ ಸಂಚಿಕೆಗೆ ಚರಿತ್ರೆಯ ಮೇಲೊಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಆ ಊರಿನಲ್ಲಿ ಕಂಡು ತಿಳಿದ ಒಂದು ವಿದ್ಯಾಸಂಸ್ಥೆಯ ಕಥೆಯನ್ನೇ ಬರೆಯೋಣ ಎನ್ನಿಸಿತು. ಅದು ಮಕ್ಕಳು ಅಲ್ಲೇ ಉಂಡು, ಅಲ್ಲೇ ಮಲಗಿ ಸಂಗೀತ ಕಲಿಯುವ ವೀರೇಶ್ವರ ಪುಣ್ಯಾಶ್ರಮ.

ಬೆಂಗಳೂರಿನ ನಮಗೆ ಸಂಗೀತ ಸಂಸ್ಥೆ ಎಂದರೆ 1905ರಲ್ಲಿ ಆರಂಭವಾದ ಗಾಯನ ಸಮಾಜವೋ, ಚಾಮರಾಜಪೇಟೆಯ ರಾಮನವಮಿ ಪೆಂಡಾಲೋ ನೆನಪಾಗುತ್ತದೆ. ಅಲ್ಲಿಗೆ ಹೋಗಿ ಕಛೇರಿ ಕೇಳಿ ಮನೆಗೆ ಬರುತ್ತೇವೆ. ಗದಗದ ಆಶ್ರಮದ ಹೆಸರು ನಮ್ಮ ಕಡೆಯ ಅನೇಕರಿಗೆ ಪರಿಚಯವಾದದ್ದು 1995ರ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಲನಚಿತ್ರದಿಂದ. ಅದರ ಸಂಗೀತಕ್ಕೆ ಹಂಸಲೇಖ ಅವರಿಗೂ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತು. ಆದರೆ ಆ ಶಾಲೆ ನೂರು ವರ್ಷ ಹೇಗೆ ಬದುಕಿತು ಎಂಬುದನ್ನು ತಿಳಿಯಬೇಕಾದರೆ ಹಾಡಿನ ಜೊತೆಗೆ ಅಡುಗೆಮನೆಯ ಕಡೆಗೂ ನೋಡಬೇಕು.

ಇಂದಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಬಾಲಕನಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವನ ಅಣ್ಣನೂ ಅಂಧ. ಇಬ್ಬರೂ ಹಾಡುವುದನ್ನು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು ಇವರೇ. ಅಣ್ಣ ಬೇಗ ತೀರಿಕೊಂಡ. ಗದಿಗೆಯ್ಯನನ್ನು ಸ್ವಾಮಿಗಳು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತ ಕಲಿಸಿದರು. ಬಳಿಕ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿಯುವ ವ್ಯವಸ್ಥೆ ಮಾಡಿದರು. ಹೀಗೆ ಎರಡೂ ಪದ್ಧತಿ ಬಲ್ಲ ಪಂಚಾಕ್ಷರಿ ಗವಾಯಿಗಳು ಸಿದ್ಧರಾದರು.

ಆಶ್ರಮವು ತನ್ನ ಆರಂಭವನ್ನು 1914ರಿಂದ ಎಣಿಸುತ್ತದೆ. ಆದರೆ ಆಗ ಅದಕ್ಕೆ ಗೋಡೆಯೂ ಇರಲಿಲ್ಲ, ಮಾಡೂ ಇರಲಿಲ್ಲ. ಅದು ಸಂಚಾರಿ ಪಾಠಶಾಲೆ. ಗುರುಗಳು ಶಿಷ್ಯರನ್ನು ಕಟ್ಟಿಕೊಂಡು ಊರಿಂದ ಊರಿಗೆ ಹೋಗುವುದು, ಕೀರ್ತನೆ ಮತ್ತು ಕಛೇರಿ ನಡೆಸುವುದು, ಊರವರು ಕೊಟ್ಟ ಕಾಳಿನಲ್ಲಿ ಮಕ್ಕಳಿಗೆ ಊಟ ಹಾಕುವುದು. ಆ ಮಕ್ಕಳಲ್ಲಿ ಅಂಧರು, ಅನಾಥರು, ಬಡವರೇ ಹೆಚ್ಚು. ಜಾತಿ ಕೇಳಿ ಸೇರಿಸಿಕೊಳ್ಳುವ ಪದ್ಧತಿ ಇರಲಿಲ್ಲ. ಶುಲ್ಕವಂತೂ ಇಲ್ಲವೇ ಇಲ್ಲ. ಕೊನೆಗೆ ಗದಗಿನಲ್ಲಿ ಜಾಗ ದೊರೆತು ಶಾಲೆ ಒಂದು ಕಡೆ ನೆಲೆ ನಿಂತಿತು.

ಇದೇ ಕಾಲದ ಇನ್ನೊಂದು ಪ್ರಯತ್ನವನ್ನು ಪಕ್ಕದಲ್ಲಿಟ್ಟು ನೋಡಬಹುದು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಬಾಲ್ಯದಲ್ಲಿ ಪಟಾಕಿ ಸಿಡಿದು ಅವರ ದೃಷ್ಟಿಗೂ ಪೆಟ್ಟಾಗಿತ್ತು. ಅವರ ಗುರು ಮಿರಜದ ಬಾಲಕೃಷ್ಣಬುವಾ ಇಚಲಕರಂಜೀಕರ್. ನೀಲಕಂಠಬುವಾ ಅವರ ಗುರುವೂ ಅವರೇ. ಅಂದರೆ ಲಾಹೋರಿನ ಶಾಲೆಗೂ ಗದಗದ ಶಾಲೆಗೂ ಬೇರು ಒಂದೇ, ಗ್ವಾಲಿಯರ್ ಘರಾಣೆ. ಪಲುಸ್ಕರರೂ ಶಿಷ್ಯರನ್ನು ಸಾಕಿದರು, ಕಛೇರಿ ಮಾಡಿ ಹಣ ತಂದರು. ಆದರೆ ಮುಂಬಯಿಯಲ್ಲಿ ಸಾಲ ಮಾಡಿ ಕಟ್ಟಿಸಿದ ದೊಡ್ಡ ಕಟ್ಟಡ ಸಾಲ ತೀರದೆ ಕೈಬಿಟ್ಟುಹೋಯಿತು. ಗದಗದ ಶಾಲೆ ಮೊದಲು ಊಟದ ವ್ಯವಸ್ಥೆ ಮಾಡಿಕೊಂಡು ಆಮೇಲೆ ಕಟ್ಟಡ ಕಂಡಿತು. ಅದು ಉಳಿದು ಬಂದದ್ದಕ್ಕೆ ಇದೊಂದು ಮುಖ್ಯ ಕಾರಣ ಎಂದು ನನಗೆ ತೋರುತ್ತದೆ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡರು. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಎಲ್ಲೆಲ್ಲೂ ಕಾಳಿನ ಅಭಾವ. ಮಕ್ಕಳ ಹೊಣೆ ಶಿಷ್ಯ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ಅವರಿಗೆ ಆಗ 30 ವರ್ಷ. ಅವರೂ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು, ಹಾನಗಲ್ಲ ತಾಲ್ಲೂಕಿನವರು. ತಂದೆ ತಾಯಿ ಬೇಗ ತೀರಿಹೋಗಿ ಸೋದರಮಾವನ ಆಸರೆಯಲ್ಲಿ ಬೆಳೆದು, ಆಶ್ರಮ ಸೇರಿದವರು. ಆಶ್ರಮವನ್ನು ನಡೆಸಲು ಅವರು ನಾಟಕ ಕಂಪನಿಯನ್ನು ಆಶ್ರಯಿಸಿದರು. ತಾವೇ ನಾಟಕ ಬರೆದು ಸಂಗೀತ ಕೂಡಿಸಿದರು. ಕಂಪನಿಯ ದುಡ್ಡು ಮಕ್ಕಳ ಊಟ, ಬಟ್ಟೆ, ವಸತಿಗೆ ಹೋಯಿತು. ಭಕ್ತರು ನಡೆಸುತ್ತಿದ್ದ ತುಲಾಭಾರದ ಕಾಣಿಕೆಯೂ, ಹಳ್ಳಿಗಳಿಂದ ಬರುವ ಜೋಳ, ಗೋಧಿ, ಬೇಳೆಯೂ ಅದೇ ದಾಸೋಹಕ್ಕೆ ಸೇರಿದವು.

ಹಾರ್ಮೋನಿಯಂ, ಪಿಟೀಲು, ಸಾರಂಗಿ, ತಬಲಾ ಹೀಗೆ ಹಲವು ವಾದ್ಯಗಳು ಅವರಿಗೆ ಕರಗತವಾಗಿದ್ದವು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯನಿಗೆ ಕಲಿಸುವಾಗ ಪುಸ್ತಕಕ್ಕಿಂತ ಕಿವಿಯೇ ಮುಖ್ಯ. ಬೆಳಗಿನ ಜಾವ ಷಡ್ಜ ಹಿಡಿದು ನಿಲ್ಲುವುದು, ಅಲಂಕಾರ, ಪಲ್ಟಾ, ಆಮೇಲೆ ಚೀಜಿನ ಒಂದೊಂದು ಸಾಲು. ತಬಲಾದ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿ, ಬಳಿಕ ಕೈಗೆ ತರುವುದು. ಗುರುವಿನ ಜೊತೆಯಲ್ಲೇ ವಾಸವಿದ್ದರೆ ಮಾತ್ರ ಇಂಥ ಪಾಠ ಸಾಧ್ಯ. 66 ವರ್ಷ ಆಶ್ರಮ ನಡೆಸಿ, ಪದ್ಮಭೂಷಣ ಪಡೆದ 2010ರಲ್ಲೇ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದರು. ಇಂದಿಗೂ ಗವಾಯಿಗಳ ಪುಣ್ಯಸ್ಮರಣೆಯ ದಿನಗಳಲ್ಲಿ ಅಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಹಳೆಯ ವಿದ್ಯಾರ್ಥಿಗಳು ಬಂದು ಸೇವೆ ಎಂದು ಹಾಡಿ ಹೋಗುತ್ತಾರೆ.

ಈ ಊಟದ ಮನೆಯಿಂದ ಎಂಥ ಹಾಡುಗಾರರು ಹೊರಬಂದರು! ತಂದೆಯನ್ನು ಕಳೆದುಕೊಂಡ ಬಾಲಕ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರಾದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವದಲ್ಲಿ ಅವರು ಹಾಡಿದಾಗ ತಬಲಾ ಸಾಥ್ ನೀಡಿದವರು ಸ್ವತಃ ಗುರುಗಳೇ. ಬಳ್ಳಾರಿ ಕಡೆಯ ಲಕ್ಷ್ಮೀಪುರದ ಜಾನಪದ ಕಲಾವಿದರ ಮನೆಯ ಹುಡುಗ ವೆಂಕಟೇಶ್ ಕುಮಾರರನ್ನು 1968ರಲ್ಲಿ ಸೋದರಮಾವ, ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ಆಶ್ರಮಕ್ಕೆ ಸೇರಿಸಿದರು. ಹನ್ನೆರಡು ವರ್ಷ ಅಲ್ಲಿ ಕಲಿತ ಅವರಿಗೆ 2016ರಲ್ಲಿ ಪದ್ಮಶ್ರೀ ಬಂದಿತು. ಹೆಸರಾಗದೆ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಭಜನೆ, ಪುರಾಣ, ನಾಟಕಗಳಲ್ಲಿ ಹಾಡಿ, ನುಡಿಸಿ, ಯಾರ ಹಂಗೂ ಇಲ್ಲದೆ ಸಂಸಾರ ನಡೆಸಿದವರು ಇನ್ನೂ ಅನೇಕರು. ಮನೆಗೆ ಹೊರೆ ಎನ್ನಿಸಿಕೊಂಡಿದ್ದ ಮಗು ಮನೆಯವರಿಗೆ ಅನ್ನ ಹಾಕುವಂತಾದದ್ದೇ ಆಶ್ರಮದ ದೊಡ್ಡ ಸಾಧನೆ.

ನಮ್ಮ ರಾಜ್ಯದ ಶಾಲಾ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂಬ ಹೆಸರಿದೆ. ಅನ್ನವನ್ನೂ ಅಕ್ಷರವನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸುವ ಈ ಮಾತು ಗದಗದಂಥ ಕಡೆ ಬಹಳ ಹಿಂದೆಯೇ ನಡೆದು ತೋರಿಸಿದ್ದು. ಇಂದು ಕೋಣನಕುಂಟೆ ಸುತ್ತ ಎದ್ದಿರುವ ಕಟ್ಟಡಗಳ ಕೆಲಸಕ್ಕೆ ಉತ್ತರ ಕರ್ನಾಟಕದಿಂದಲೇ ಎಷ್ಟೋ ಕುಟುಂಬಗಳು ಬಂದಿವೆ. ಕಟ್ಟಡ ಮುಗಿದರೆ ಶೆಡ್ಡು ಕಿತ್ತು ಬೇರೆ ಕಡೆ ಹೊರಡುತ್ತಾರೆ. ಹತ್ತನೆಯ ತರಗತಿಯ ನಡುವೆ ಮಗುವಿನ ಓದು ನಿಲ್ಲುತ್ತದೆ. ಅಂಥ ಮಕ್ಕಳು ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಉಳಿಯಲು ಎರಡು ಕೋಣೆ, ರಾತ್ರಿಯ ಒಂದು ಊಟ ಸಾಕು. ಹಳೆಯ ವಿದ್ಯಾರ್ಥಿ ಸಂಘವೂ ಗ್ರಾಮಸ್ಥರೂ ಸುವರ್ಣ ಮಹೋತ್ಸವದ ನೆನಪಿಗೆ ಇದನ್ನು ಕೈಗೆತ್ತಿಕೊಳ್ಳಬೇಕೆಂದು ನನ್ನ ವಿನಂತಿ. ನನ್ನ ಪಾಲಿನ ಅಕ್ಕಿಮೂಟೆಯನ್ನು ನಾನು ತಪ್ಪದೆ ತರುತ್ತೇನೆ.