ಕಿವಿಯ ರಂಗಭೂಮಿ



ಡಿಸೆಂಬರು ತಿಂಗಳ ಕಡೆಯ ವಾರವು ಕಾಲೇಜಿನವರಿಗೆ ಕ್ರಿಸ್‌ಮಸ್ ರಜೆಯ ವಾರ. ನಮ್ಮ ರೈತನಿಗೆ ಅದು ಧನುರ್ಮಾಸ, ರಾಗಿಯ ಕಣದ ಕಾಲ. ಮದ್ದೂರು ತಾಲ್ಲೂಕಿನಲ್ಲಿ, ಬೆಂಗಳೂರು ಮೈಸೂರು ರಸ್ತೆಯ ಮೇಲಿರುವ ಸೋಮನಹಳ್ಳಿಯಂಥ ಊರಿನಲ್ಲಿ ಈ ಎರಡು ಕಾಲಗಳೂ ಒಂದುಗೂಡುವುವು. ಪಟ್ಟಣದಲ್ಲಿ ಓದುವ ಹುಡುಗನು ಊರಿಗೆ ಬರುವನು. ಮನೆಯವರು ಕಣದ ಕೆಲಸ ಮುಗಿಸಿ, ಚಳಿಗೆ ಬೇಗನೆ ಕದವಿಕ್ಕುವರು. ರಾತ್ರಿ ದೀರ್ಘ, ಕಿವಿಗೆ ಬಿಡುವು. ಬಾನುಲಿಯ ನಾಟಕಕ್ಕೂ ಇಂಥ ಚಳಿಗಾಲದ ರಾತ್ರಿಗೂ ಇರುವ ನಂಟೇನು, ಹಳೆಯ ನಾಟಕಗಳನ್ನು ಈ ಋತುವಿನಲ್ಲಿ ಮರಳಿ ಕೇಳಿ ಸಂತೋಷಪಡುವ ಭಾಗ್ಯ ಯಾರಿಗುಂಟು, ಯಾರಿಗಿಲ್ಲ ಎಂಬುದನ್ನು ಇಂದು ಕೊಂಚ ವಿಚಾರಿಸೋಣ.

ಆ ನಂಟು ಬಾನುಲಿಯಷ್ಟೇ ಹಳೆಯದು. ಲಂಡನ್ನಿನ ಬಿ.ಬಿ.ಸಿ. ಪ್ರಸಾರವನ್ನಾರಂಭಿಸಿ ಇನ್ನೂ ಆರು ವಾರ ತುಂಬಿರಲಿಲ್ಲ. 1922ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ಸಿನ ಮುನ್ನಾದಿನ, ಫಿಲಿಸ್ ಟ್ವಿಗ್ ಎಂಬ ಲೇಖಕಿ ಮಕ್ಕಳಿಗಾಗಿ ಬರೆದ ಕ್ರಿಸ್‌ಮಸ್ ತಾತನ ಕಥೆಯೊಂದು ನಾಟಕರೂಪದಲ್ಲಿ ಅಲ್ಲಿಂದ ಕೇಳಿಬಂದಿತು. 1924ರ ಜನವರಿ 15ರಂದು ರಿಚರ್ಡ್ ಹ್ಯೂಸನ ‘ಡೇಂಜರ್’ ಎಂಬ ನಾಟಕ ಪ್ರಸಾರವಾಯಿತು. ಅದರ ರಂಗಸ್ಥಳ ದೀಪವಾರಿದ ಒಂದು ಕಲ್ಲಿದ್ದಲ ಗಣಿ. ಕಣ್ಣಿಗೆ ಏನನ್ನೂ ತೋರಿಸಲಾರದ ಯಂತ್ರಕ್ಕೆ, ಪಾತ್ರಗಳಿಗೇ ಏನೂ ಕಾಣದ ಸನ್ನಿವೇಶವನ್ನು ಒದಗಿಸಿದ್ದೇ ಆ ಕವಿಯ ಜಾಣ್ಮೆ. ಯಂತ್ರದ ಕುರುಡುತನವೇ ಇಲ್ಲಿ ಕಲೆಯ ಬಲವಾಯಿತು.

ಅಮೆರಿಕದಲ್ಲಿ ಈ ಸಂಪ್ರದಾಯ ಮನೆಮನೆಯ ಹಬ್ಬವಾಗಿ ಬೆಳೆಯಿತು. ಡಿಕನ್ಸನ ಕ್ರಿಸ್‌ಮಸ್ ಕಥೆಯಲ್ಲಿನ ಜಿಪುಣ ಸ್ಕ್ರೂಜನ ಪಾತ್ರವನ್ನು ಲಯನಲ್ ಬ್ಯಾರಿಮೋರ್ ಎಂಬ ನಟನು 1934ರಿಂದ ಮೊದಲ್ಗೊಂಡು, ಒಂದೆರಡು ವರ್ಷಗಳನ್ನುಳಿದು, ಸುಮಾರು ಇಪ್ಪತ್ತು ವರ್ಷ ಬಾನುಲಿಯಲ್ಲಿ ಅಭಿನಯಿಸಿದನು. 1939ರ ಡಿಸೆಂಬರ್ 24ರ ಪ್ರಯೋಗದಲ್ಲಿ ಕಥೆ ಹೇಳಿದವನು ಆರ್ಸನ್ ವೆಲ್ಸ್. ಆ ಪ್ರಯೋಗ ಧ್ವನಿಮುದ್ರಿಕೆಯಲ್ಲಿ ಉಳಿದುಬಂದಿದೆ. ಆದುದರಿಂದಲೇ ಇಂದಿಗೂ ಅಲ್ಲಿಯವರು ಕ್ರಿಸ್‌ಮಸ್ ಬಂದಿತೆಂದರೆ, ದೀಪ ತಗ್ಗಿಸಿ ಕುಳಿತು, ತಮ್ಮ ಅಜ್ಜಂದಿರು ಕೇಳಿದ ದನಿಯನ್ನೇ ಕೇಳಬಲ್ಲರು.

ಇನ್ನು ನಮ್ಮ ನಾಡಿಗೆ ಬರೋಣ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ‘ವಿಠ್ಠಲ ವಿಹಾರ’ದಲ್ಲಿ ಪ್ರಸಾರವನ್ನಾರಂಭಿಸಿದರು. ಮೊದಲ ಪ್ರಸಾರಯಂತ್ರದ ಶಕ್ತಿ ಮನೆಯ ದೀಪವೊಂದಕ್ಕೆ ಸಾಲುವಷ್ಟೇ. ಅನಂತರ ಬಂದುದು 250 ವಾಟ್‌ನದು. 1942ರಲ್ಲಿ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಅದು ಅಖಿಲ ಭಾರತ ಬಾನುಲಿಯಲ್ಲಿ ಸೇರಿತು. 1955ರ ನವೆಂಬರ್ 2ರಂದು ಬೆಂಗಳೂರಿನ ನಿಲಯ ತೆರೆಯಿತು. ಮೈಸೂರಿನಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರು ಕಾಲಕ್ರಮದಲ್ಲಿ ಭಾರತದ ಬಾನುಲಿಗೆಲ್ಲ ನಿಂತಿತು. ನಿಲಯಗಳು ಬದಲಾದರೂ ನಾಟಕ ಮಾತ್ರ ಕನ್ನಡ ಬಾನುಲಿಯನ್ನು ಬಿಟ್ಟುಹೋಗಲಿಲ್ಲ.

ಕೇಳುವ ನಾಟಕ ನಮ್ಮ ಹಳ್ಳಿಗರಿಗೆ ಹೊಸದೆಂದು ಯಾರೂ ಭಾವಿಸಬೇಕಾಗಿಲ್ಲ. ಚಾವಡಿಯಲ್ಲಿ ಎಣ್ಣೆಯ ದೀಪವೊಂದನ್ನಿಟ್ಟು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ಗಮಕಿಯು ಓದಿದಾಗ, ಒಂದೇ ಕಂಠದಲ್ಲಿ ಭೀಮನೂ ದ್ರೌಪದಿಯೂ ಕೃಷ್ಣನೂ ಬಂದುಹೋಗುತ್ತಿದ್ದರು. ಹರಿಕಥೆಯ ದಾಸರು ಚಿಟಿಕೆಯ ಸದ್ದಿನಲ್ಲೇ ಕುದುರೆ ಓಡಿಸುತ್ತಿದ್ದರು. ಲಂಡನ್ನಿನವರು ಯಂತ್ರದ ನೆರವಿನಿಂದ 1924ರಲ್ಲಿ ಕಂಡುಕೊಂಡುದನ್ನು ನಮ್ಮ ಚಾವಡಿಗಳು ಎಂದೋ ಅರಿತಿದ್ದುವು. ದೃಶ್ಯವನ್ನು ಕೇಳುವವನೇ ಕಟ್ಟಿಕೊಳ್ಳುವನು. ಆದುದರಿಂದ ಒಂದೇ ನಾಟಕಕ್ಕೆ ಕೇಳುವವರಿರುವಷ್ಟೇ ರಂಗಸ್ಥಳಗಳು.

ಆದರೆ ಇಲ್ಲಿಯೇ ನಮಗೂ ಪಶ್ಚಿಮದವರಿಗೂ ಒಂದು ಭೇದವುಂಟು. ಅಂದಿನ ಪ್ರಸಾರಗಳು ಬಹುಮಟ್ಟಿಗೆ ಆಯಾ ಕ್ಷಣದಲ್ಲೇ ಆಡಿದವು. ನಟನು ಧ್ವನಿಗ್ರಾಹಕದ ಮುಂದೆ ಮಾತು ಮುಗಿಸಿದೊಡನೆ ನಾಟಕವೂ ಮುಗಿಯಿತು. ಉಳಿದುದು ಕೇಳಿದವರ ನೆನಪಿನಲ್ಲಿ. ಆ ನೆನಪಿಗೂ ಆಯುಸ್ಸಿನ ಮಿತಿಯುಂಟು. ಮುಂದೆ ಕರ್ನಾಟಕದ ಮುಖ್ಯಮಂತ್ರಿಗಳಾದ ಎಸ್. ಎಂ. ಕೃಷ್ಣ ಅವರು ಸೋಮನಹಳ್ಳಿಯಲ್ಲಿ ಹುಟ್ಟಿದುದು 1932ರ ಮೇ 1ರಂದು. ಮೈಸೂರಿನ ನಿಲಯ ಮೊದಲು ನುಡಿದಾಗ ಅವರಿಗೆ ಮೂರು ವರ್ಷ. ಮೈಸೂರು ಸೀಮೆಯಲ್ಲಿ ಬಾನುಲಿಯೊಂದಿಗೆ ಬೆಳೆದ ಮೊದಲ ತಲೆಮಾರು ಅವರದು. ಅವರು 2024ರ ಡಿಸೆಂಬರ್ 10ರಂದು ತೀರಿಕೊಂಡರು. ಅವರ ಓರಗೆಯವರಲ್ಲಿ ಬದುಕಿರುವವರು ಈಗ ತೊಂಬತ್ತು ದಾಟಿದವರು. ಸಂಸ್ಥಾನದ ಕಾಲದ ಬಾನುಲಿಯನ್ನು ಕೇಳಿದ ಕಡೆಯ ಕಿವಿಗಳಲ್ಲಿ ಇವೂ ಸೇರಿವೆ.

ದನಿ ಹೋದರೂ ಬರೆಹ ಉಳಿದರೆ ನಾಟಕಕ್ಕೆ ಮರುಹುಟ್ಟುಂಟು. ಹ್ಯೂಸನ ನಾಟಕ ಅಚ್ಚಾಗಿದ್ದರಿಂದ ಇಂದಿಗೂ ಓದಬಹುದು, ಆಡಬಹುದು. ದನಿಯೂ ಬರೆಹವೂ ಎರಡೂ ಹೋದರೆ, ಉಳಿಯುವುದು ಹೆಸರೊಂದೇ. ಹೆಸರನ್ನು ಕೇಳಿ ಯಾರೂ ನಗಲಾರರು, ಅಳಲಾರರು. ನಮ್ಮ ಮನೆಗಳ ಅಟ್ಟದ ಮೇಲೆ ಬಾನುಲಿಗಾಗಿ ಬರೆದ ನಾಟಕಗಳ ಹಸ್ತಪ್ರತಿಗಳು ಇರಬಹುದು. ಮುಂದಿನ ದಶಕಗಳಲ್ಲಿ ಮನೆಯವರು ನಾಟಕ ಹಿಡಿದಿಟ್ಟುಕೊಂಡ ಕ್ಯಾಸೆಟ್ಟುಗಳಿರಬಹುದು. ಗೆದ್ದಲಿಗೂ ಬೂಷ್ಟಿಗೂ ಅವುಗಳ ಬೆಲೆ ತಿಳಿಯದು, ನಮಗೆ ತಿಳಿಯಬೇಕು.

ಆದುದರಿಂದ ಈ ರಜೆಯಲ್ಲಿ ವಿದ್ಯಾವಂತರಾದ ಶ್ರೋತೃಗಳು ಎರಡು ಕೆಲಸಗಳನ್ನು ಮಾಡಬಹುದು. ಒಂದು, ದೊರೆತ ಹಳೆಯ ನಾಟಕವೊಂದನ್ನು ಮನೆಮಂದಿಯೆಲ್ಲ ಸೇರಿ, ದೀಪ ತಗ್ಗಿಸಿ, ನಡುವೆ ಮಾತಾಡದೆ ಕೇಳುವುದು. ಇನ್ನೊಂದು, ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೂರಿಸಿಕೊಂಡು, ಚಿಕ್ಕಂದಿನಲ್ಲಿ ಬಾನುಲಿಯಲ್ಲಿ ಏನು ಕೇಳಿದಿರೆಂದು ವಿಚಾರಿಸಿ ಬರೆದಿಡುವುದು. ಮೊದಲನೆಯದು ಸಂತೋಷ, ಎರಡನೆಯದು ಕರ್ತವ್ಯ. ಸಂತೋಷವನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬಹುದು. ಕರ್ತವ್ಯಕ್ಕೆ ಮಾತ್ರ ಅಷ್ಟು ಕಾಲವಿಲ್ಲ.